ಗಾಡಿ ಮಾತು: ಹಳೇ ಪಿಕಪ್ಪು, ಕೆಸರಿನ ದಾರಿ

ಮಳೆಗಾಲ ಹತ್ತಿರ ಬಂದ ಹಾಗೆ ನನಗೆ ಒಂದೇ ಥರದ ಪತ್ರಗಳು ಬರಲು ಶುರುವಾಗುತ್ತವೆ. ತೋಟದ ದಾರಿ ಕೆಸರು, ಪಿಕಪ್ಪು ಹಳೆಯದು, ಏನು ಹಾಕಿಸಲಿ? ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್, 2009ರ ಫೋರ್ ವೀಲ್ ಡ್ರೈವ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. 1.9 ಲಕ್ಷ ಕಿಲೋಮೀಟರ್ ಓಡಿದೆ. ಕಂಪನಿ ಟೈರ್ 215/75 ಆರ್ 15. ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ. ಗಾಡಿಯನ್ನು ಮೂರು ಇಂಚು ಎತ್ತರಿಸುವ ಲಿಫ್ಟ್, 31 ಇಂಚಿನ ಮಡ್ ಟೈರ್, ಕಬ್ಬಿಣದ ಬಂಪರ್, ಹೂತ ಗಾಡಿ ಎಳೆಯುವ ವಿಂಚ್. ಇವುಗಳಲ್ಲಿ ಯಾವುದು ಮೊದಲು?
ಓದುಗರು, ಕಳಸ

ಉತ್ತರ: ಸದ್ಯಕ್ಕೆ ಯಾವುದೂ ಬೇಡ ಮಾರಾಯ್ರೇ. ಸಿಟ್ಟಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಅಷ್ಟು ಓಡಿದ ಗಾಡಿಯಲ್ಲಿ ಹಿಂದಿನ ಓನರ್ "ಮುಂದಿನ ತಿಂಗಳು ನೋಡೋಣ" ಅಂತ ಬಿಟ್ಟ ಕೆಲಸಗಳೆಲ್ಲ ನಿಮಗೆ ಬಳುವಳಿಯಾಗಿ ಬಂದಿರುತ್ತವೆ. ಅದರ ಮೇಲೆ ದೊಡ್ಡ ಟೈರು, ಭಾರದ ಬಂಪರು ಹೇರಿದರೆ ಸವೆದಿದ್ದು ಇನ್ನೂ ಬೇಗ ಸವೆಯುತ್ತದೆ, ಸೋತ ಬ್ರೇಕು ಇನ್ನೂ ಸೋಲುತ್ತದೆ. ನಿಮ್ಮ ಒಂದು ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರ ಕಣ್ಣಿಗೂ ಕಾಣದ ಕಡೆ ಹೋಗಬೇಕು. ಬುಶ್, ಬೇರಿಂಗ್, ಸೀಲು, ಹೋಸ್. ಫೋಟೋದಲ್ಲಿ ಇವು ಬರುವುದಿಲ್ಲ, ಅದೇ ತೊಂದರೆ.

ಒಂದು ಭಾನುವಾರ ಇದಕ್ಕೆ ಅಂತ ಇಟ್ಟುಕೊಳ್ಳಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ. ಲೊಟಕ್ ಅಂದರೆ ಆಟ ಇದೆ ಅಂತ. ಈಗ ಮನೆಯವರು ಯಾರಾದರೂ ಬ್ರೇಕ್ ತುಳಿದು ಹಿಡಿದಿರಲಿ, ನೀವು ಮತ್ತೆ ಅಲುಗಿಸಿ. ಆಟ ನಿಂತಿತು ಅಂದರೆ ಹೋಗಿರುವುದು ವೀಲ್ ಬೇರಿಂಗ್. ಆಗಲೂ ಲೊಟಲೊಟ ಅಂದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದು. ಎಡಬಲ ಹಿಡಿದು ಅಲುಗಿಸಿದಾಗ ಸದ್ದು ಬಂದರೆ ಟೈ ರಾಡ್ ಎಂಡ್ ನೋಡಿ. ಆಮೇಲೆ ಗಾಡಿ ಇಳಿಸಿ, ಅಡಿಗೆ ಮಲಗಿ, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುವಿ. ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್ ಹತ್ತಿರ ಟಕ್ ಟಕ್ ಅನ್ನುತ್ತಿದ್ದರೆ ಕ್ರಾಸ್ ಬದಲಿಸಿ. ಅದು ಕಾಡಿನ ಮಧ್ಯೆ ಮುರಿದರೆ ಶಾಫ್ಟು ನೆಲಕ್ಕೆ ಬಿದ್ದು ಬಡಿಯುತ್ತದೆ, ಏರಿನಲ್ಲಿದ್ದರಂತೂ ಕೇಳಬೇಡಿ.

ಗೇರ್ ಬಾಕ್ಸ್, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಕ್ರೌನ್, ಹಿಂದಿನ ಕ್ರೌನ್ (ಆಕ್ಸಲ್ಲಿನ ನಡುವೆ ಗೇರುಗಳಿರುವ ಗುಂಡು), ಈ ನಾಲ್ಕು ಕಡೆ ಆಯಿಲ್ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಹೋಗಿದೆ. ಡ್ರೈನ್ ಬೋಲ್ಟಿಗೆ ಅಂಟಿದ ಲೋಹದ ಪುಡಿ ಕಾಡಿಗೆ ಥರ ಇದ್ದರೆ ಚಿಂತೆ ಇಲ್ಲ, ಚೂರುಗಳು ಸಿಕ್ಕರೆ ಬಿಚ್ಚಿಸಲೇಬೇಕು. ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿ ನೋಡಿ. ಬ್ರೇಕಿನ ರಬ್ಬರ್ ಹೋಸುಗಳನ್ನು ಮಡಚಿ ನೋಡಿ, ಬಿರುಕು ಕಂಡರೆ ಕಣ್ಣು ಮುಚ್ಚಿ ಹೊಸದು ಹಾಕಿ.

ಇನ್ನೊಂದು ವಿಷಯ. ಫೋರ್ ವೀಲ್ ಅಂತ ತಗೊಂಡಿರಲ್ಲ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಿದಿರಾ? ಡೀಸೆಲ್ ಉಳಿಯುತ್ತದೆ ಅಂತ ಮುಂದಿನ ಶಾಫ್ಟನ್ನೇ ಬಿಚ್ಚಿ ಮೂಲೆಗೆ ಎಸೆದ ಗಾಡಿಗಳನ್ನು ನಾನೇ ನೋಡಿದ್ದೇನೆ. ಲಿವರ್ ಹಾಕಿದರೆ ಬೀಳುತ್ತದೆ, ಮುಂದಿನ ಚಕ್ರಕ್ಕೆ ಏನೂ ಹೋಗುವುದಿಲ್ಲ. ಹಸಿ ಮಣ್ಣಿನ ಮೇಲೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು ಹಾಕಿ ನಿಧಾನಕ್ಕೆ ಹೊರಡಿ, ಒಬ್ಬರು ಹೊರಗೆ ನಿಂತು ನಾಲ್ಕೂ ಚಕ್ರ ನೋಡಲಿ.

ಇಷ್ಟಾದ ಮೇಲೆ ಟೈರಿನ ಮಾತು. ನಿಮ್ಮ ಕಂಪನಿ ಟೈರಿನ ಎತ್ತರ ಸುಮಾರು 703 ಮಿಲಿಮೀಟರ್. 31 ಇಂಚು ಅಂದರೆ 787. ನೆಲದಿಂದ ನಿಮಗೆ ಸಿಗುವ ಎತ್ತರ ಅದರ ವ್ಯತ್ಯಾಸದ ಅರ್ಧ, ಅಂದರೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಅದಕ್ಕೆ ಕೊಡುವ ಬೆಲೆ ನೋಡಿ. ಗೇರ್ ಎಲ್ಲ ಶೇಕಡಾ 12ರಷ್ಟು ಉದ್ದವಾದ ಹಾಗೆ ಆಗುತ್ತದೆ, ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಬೇಕಾಗುತ್ತದೆ, ಕ್ಲಚ್ ಸುಡುತ್ತದೆ, ಸ್ಪೀಡೋಮೀಟರ್ 60 ತೋರಿಸುವಾಗ ನೀವು 67ರಲ್ಲಿ ಇರುತ್ತೀರಿ, ಬ್ರೇಕು ಹಿಡಿಯುವುದಕ್ಕೆ ಜಾಸ್ತಿ ದೂರ ಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುವುದು ಬೇರೆ. ಅದೇ 235/75 ಆರ್ 15 ಆದರೆ ಎತ್ತರ 733, ವ್ಯತ್ಯಾಸ ಶೇಕಡಾ 4 ಅಷ್ಟೇ. ಆರ್‌ಸಿ ಮತ್ತು ಕಂಪನಿ ಪುಸ್ತಕ ಒಪ್ಪುವುದಾದರೆ ಅಲ್ಲಿಗೆ ನಿಲ್ಲಿಸಿ. ಇಲ್ಲ ಅಂದರೆ ಅದೇ ಸೈಜಿನಲ್ಲಿ ಡಾಂಬರು, ಮಣ್ಣು ಎರಡಕ್ಕೂ ಆಗುವ ಒಳ್ಳೆಯ ಆಲ್ ಟೆರೇನ್ ಟೈರು ಹಾಕಿ. ಬರೀ ಮಡ್ ಟೈರು ಒಣ ಡಾಂಬರಿನ ಮೇಲೆ ಗುಂಯ್ ಅಂತ ಕೂಗುತ್ತದೆ, ಮಳೆ ಬಿದ್ದ ಡಾಂಬರಿನ ಮೇಲೆ ಹಿಡಿತ ಕಮ್ಮಿ. ವಾರಕ್ಕೆ ನಾಲ್ಕು ದಿನ ಮೂಡಿಗೆರೆ ಕಡೆಗೆ ಓಡಾಡುತ್ತೇನೆ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಲ್ಲ?

ಕಬ್ಬಿಣದ ಬಂಪರ್ ವಿಷಯ ಕೊನೆಯಲ್ಲಿ ಬೆಂಗಳೂರಿನವರಿಗೆ ಹೇಳಿದ್ದೇನೆ, ಅದನ್ನೇ ಓದಿಕೊಳ್ಳಿ. ವಿಂಚ್ ಹಾಕಿಸುವ ಯೋಗ್ಯತೆ ಬಂದಾಗ ಹಾಕಿಸಿ. ಗಾಡಿ, ಲೋಡು ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವುದಾಗಿರಬೇಕು, ಬ್ಯಾಟರಿ ಗಟ್ಟಿ ಇರಬೇಕು.

ಪ್ರಶ್ನೆ: ನಮ್ಮೂರಿನ ವೆಲ್ಡಿಂಗ್ ಶಾಪಿನವರು ಉದ್ದದ ಶಾಕಲ್ ಮಾಡಿಕೊಡುತ್ತೇನೆ, ನಾಲ್ಕು ಇಂಚು ಗಾಡಿ ಮೇಲೆ ಬರುತ್ತದೆ ಅನ್ನುತ್ತಾರೆ. ಲೀಫ್ ಸ್ಪ್ರಿಂಗಿನ ಗಾಡಿ. ಹಾಕಿಸಬಹುದಾ?
ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲಿಗೆ ಲೆಕ್ಕವೇ ತಪ್ಪು. ಶಾಕಲ್ ಅಂದರೆ ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಕೊಂಡಿ, ಅದು ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ. ಆ ತುದಿ ನಾಲ್ಕು ಇಂಚು ಎತ್ತಿದರೆ ನಡುವೆ ಇರುವ ಆಕ್ಸಲ್ ಹತ್ತಿರ ಸಿಗುವುದು ಎರಡೇ ಇಂಚು. ಸ್ಪ್ರಿಂಗ್ ಓರೆಯಾಗಿ ನಿಲ್ಲುವುದರಿಂದ ಆಕ್ಸಲ್ ಕೂಡ ಸ್ವಲ್ಪ ತಿರುಗುತ್ತದೆ. ಮುಂದಿನ ಆಕ್ಸಲ್ ತಿರುಗಿದರೆ ಕ್ಯಾಸ್ಟರ್, ಅಂದರೆ ಸ್ಟಿಯರಿಂಗ್ ನೇರ ನಿಲ್ಲಿಸುವ ಓರೆ ಕೋನ, ಕೆಡುತ್ತದೆ, 50ರ ಮೇಲೆ ಸ್ಟಿಯರಿಂಗ್ ಓಲಾಡಬಹುದು. ಹಿಂದಿನದು ತಿರುಗಿದರೆ ಶಾಫ್ಟಿನ ಕ್ರಾಸ್ ಕೋನ ಕೆಟ್ಟು ನಡುಕ ಬರುತ್ತದೆ.

ಬಹಳ ಜನ ಮರೆಯುವ ಮಾತೊಂದಿದೆ. ಲಿಫ್ಟ್ ಮಾಡಿದರೆ ಮೇಲೆ ಬರುವುದು ಚಾಸಿ ಮತ್ತು ಬಾಡಿ. ಕ್ರೌನಿನ ಗುಂಡು ಇದ್ದಲ್ಲೇ ಇರುತ್ತದೆ. ತೋಟದ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ತಾಗುವುದು ಆ ಗುಂಡೇ. ಅದನ್ನು ಎತ್ತಲು ಆಗುವುದು ಟೈರಿನಿಂದ ಮಾತ್ರ.

ಇನ್ನು ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಒಂದು ಸರಳು ಸಿಕ್ಕಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಲೋಡು ಬಿದ್ದು ಹಿಂಭಾಗ ಕುಸಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ, ಖಾಲಿ ಇದ್ದರೆ ಕಮ್ಮಿ. ನೀವು ಗಾಡಿ ಎತ್ತಿಸಿದರೆ ವಾಲ್ವ್ ಯಾವಾಗಲೂ "ಗಾಡಿ ಖಾಲಿ" ಅಂತಲೇ ತಿಳಿದುಕೊಳ್ಳುತ್ತದೆ. ಒಂದು ಟನ್ ಅಡಿಕೆ ಹೇರಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಹಿಂದಿನ ಬ್ರೇಕು ಅರ್ಧಕ್ಕರ್ಧ. ಬೇಕಾ ಇದು?

ನಿಮ್ಮ ಸ್ಪ್ರಿಂಗು ವರ್ಷಗಳ ಲೋಡಿಗೆ ಚಪ್ಪಟೆಯಾಗಿದ್ದರೆ ಅದನ್ನು ಬಿಚ್ಚಿಸಿ, ಮುರಿದ ಪ್ಲೇಟ್ ಬದಲಿಸಿ, ಮತ್ತೆ ಬಾಗು ಕೊಡಿಸಿ, ಬುಶ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಹೊಸದು ಹಾಕಿಸಿ. ಒಂದೆರಡು ಇಂಚು ಅದರಲ್ಲೇ ವಾಪಸ್ ಬಂದರೂ ಬಂತು. ಅದು ಕಂಪನಿ ಕೊಟ್ಟ ಎತ್ತರವೇ, ಯಾರೂ ಕೇಳುವುದಿಲ್ಲ. ಹೊಸ ಯು ಬೋಲ್ಟನ್ನು ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ.

ಪ್ರಶ್ನೆ: ಹಳ್ಳ ದಾಟುವಾಗ ಇಂಜಿನ್ ನಿಂತುಹೋಯಿತು. ಎರಡು ಸಲ ಸೆಲ್ಫ್ ಹೊಡೆದೆ, ಮೂರನೇ ಸಲ ಟಕ್ ಅಂತ ಹಿಡಿದುಕೊಂಡಿತು. ಈಗ ಗ್ಯಾರೇಜಿನಲ್ಲಿದೆ. ಕನೆಕ್ಟಿಂಗ್ ರಾಡ್ ಬೆಂಡ್ ಅಂತಾರೆ. ನಿಜವಾ, ಸುಮ್ನೆ ಹೇಳ್ತಾರಾ? ಸ್ನಾರ್ಕೆಲ್ ಹಾಕಿಸಿದರೆ ಹೀಗಾಗಲ್ವಾ?
ಓದುಗರು, ಹೊಸನಗರ

ಉತ್ತರ: ನಿಜವೇ ಇರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಚಿಕ್ಕದು, ಅದಕ್ಕಿಂತ ಜಾಸ್ತಿ ನೀರು ಒಳಗೆ ಇದ್ದರೆ ಸಾಕು, ಪಿಸ್ಟನ್ ಮೇಲೆ ಬರಲಾಗದೆ ರಾಡ್ ಬಾಗುತ್ತದೆ. ನೀರಿನಲ್ಲಿ ಇಂಜಿನ್ ತಾನಾಗಿ ನಿಂತರೆ ಕೀ ಮುಟ್ಟಲೇಬಾರದು. ಎಳೆಸಿ ಹೊರಗೆ ತಂದು, ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಬೇಕು. ಫಿಲ್ಟರ್ ಒದ್ದೆ ಇದ್ದರೆ ಇಂಜೆಕ್ಟರೋ ಹೀಟರ್ ಪ್ಲಗ್ಗೋ ಬಿಚ್ಚಿ, ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಬೇಕು. ಆ ತೂತಿನ ನೇರಕ್ಕೆ ಮುಖ ಇಡಬೇಡಿ. ಆಮೇಲೆ ಇಂಜಿನ್ ಆಯಿಲ್ ಬದಲಿಸಿಯೇ ಸ್ಟಾರ್ಟ್.

ಗ್ಯಾರೇಜಿನವರನ್ನು ನಂಬದಿದ್ದರೆ ಹೆಡ್ ಬಿಚ್ಚುವಾಗ ನೀವೇ ಹೋಗಿ ನಿಂತುಕೊಳ್ಳಿ. ನಾಲ್ಕೂ ಪಿಸ್ಟನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತರಿಸಿ. ಒಂದು ಪಿಸ್ಟನ್ ಉಳಿದವುಗಳಿಗಿಂತ ಕೆಳಗೇ ನಿಂತರೆ ಆ ರಾಡ್ ಬಾಗಿದೆ. ಕಣ್ಣಿಗೇ ಕಾಣುತ್ತದೆ.

ಸ್ನಾರ್ಕೆಲ್ ಅಂದರೆ ಇಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಒಂದು ಉದ್ದದ ಮೂಗು ಅಷ್ಟೇ. ಅದರ ಕೆಳಗೆ ಏರ್ ಫಿಲ್ಟರ್ ಡಬ್ಬಿಯ ರಬ್ಬರ್ ಹಳೆಯದಾಗಿದ್ದರೆ, ಪೈಪಿನ ಕ್ಲಿಪ್ ಸಡಿಲ ಇದ್ದರೆ, ನೀರು ಅಲ್ಲಿಂದಲೇ ಹೋಗುತ್ತದೆ. ನನ್ನ ಗಾಡಿಯಲ್ಲಿ ಸ್ನಾರ್ಕೆಲ್ ಇಲ್ಲ, ಹಾಕಿಸುವ ಮನಸ್ಸೂ ಇಲ್ಲ. ಅದು ಇದ್ದಿದ್ದರೆ ನಾನು ಇಳಿಯಬಾರದ ನೀರಿಗೂ ಇಳಿಯುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು.

ನನಗೆ ಪೆಟ್ಟು ಕೊಟ್ಟಿದ್ದು ಬೇರೆ ಕಡೆ. ಒಂದು ಸಲ ಘಾಟಿ ಹತ್ತಿ ಬಂದು, ಗಾಡಿ ಬಿಸಿ ಇರುವಾಗಲೇ ಹಳ್ಳಕ್ಕೆ ಇಳಿಸಿದೆ. ಹಬ್ಬಿನ ಮಟ್ಟದ ನೀರು, ಇಂಜಿನ್ನಿಗೆ ಏನೂ ಆಗಲಿಲ್ಲ, ಖುಷಿಯಾಗಿ ಮನೆಗೆ ಬಂದೆ. ಎರಡು ತಿಂಗಳ ನಂತರ ಹಿಂದಿನ ಕ್ರೌನ್ ಊಳಿಡಲು ಶುರು. ಬಿಚ್ಚಿದರೆ ಒಳಗೆ ಚಹಾ. ಆಗಿದ್ದಿಷ್ಟು: ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಏನಾದರೂ ಎಳೆದುಕೊಳ್ಳಲೇಬೇಕು, ಗಾಳಿ ಆಡಲು ಮೇಲಿರುವ ಸಣ್ಣ ತೂತು, ಅಂದರೆ ಬ್ರೀದರ್, ಕೆಸರಿನಿಂದ ಕಟ್ಟಿತ್ತು, ಅದಕ್ಕೇ ಸೀಲಿನ ಸಂದಿಯಿಂದ ನೀರನ್ನೇ ಹೀರಿಕೊಂಡಿತು. ಈಗ ಎರಡೂ ಆಕ್ಸಲ್ಲಿನ ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಮೇಲೆ ತಂದು ಕಟ್ಟಿದ್ದೇನೆ. ಚಿಲ್ಲರೆ ಕಾಸಿನ ಕೆಲಸ. ಹಳೇ ಪಿಕಪ್ಪಿಗೆ ಮಾಡಿಸಬಹುದಾದ ಮಾಡಿಫಿಕೇಶನ್‌ಗಳಲ್ಲಿ ಇದಕ್ಕೇ ನನ್ನ ಮೊದಲ ಓಟು.

ದಾಟುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಕೋಲು ಹಿಡಿದು ನಡೆದು ನೋಡಿ. ನಡೆಯಲು ಹೆದರಿಕೆಯಾದ ನೀರಿಗೆ ಗಾಡಿ ಇಳಿಸಬೇಡಿ. ಹತ್ತು ನಿಮಿಷ ಬಿಟ್ಟು ಗಾಡಿ ತಣ್ಣಗಾಗಲಿ. ಫೋರ್ ಲೋ, ಒಂದು ಅಥವಾ ಎರಡನೇ ಗೇರ್, ನಡುವೆ ಕ್ಲಚ್ ತುಳಿಯುವ ಹಾಗಿಲ್ಲ. ನೀರು ಚಿಮ್ಮಿಸಿಕೊಂಡು ನುಗ್ಗುವುದು ಜಾಹೀರಾತಿನವರಿಗೆ ಬಿಡಿ. ಆಚೆ ದಡ ಸೇರಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ತುಳಿಯುತ್ತಾ ಹೋಗಿ ಒಣಗಿಸಿ. ಮನೆಗೆ ಬಂದು ಪ್ರತಿ ಗ್ರೀಸ್ ನಿಪ್ಪಲ್‌ಗೂ ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಡೆಯಿರಿ.

ಪ್ರಶ್ನೆ: ಮಳೆ ಬಂದಾಗ ಹೈವೇಯಲ್ಲೂ ಫೋರ್ ವೀಲ್ ಹಾಕಿಕೊಂಡೇ ಹೋಗುತ್ತೇನೆ. ತಿರುವಿನಲ್ಲಿ ಗಾಡಿ ಹಿಡಿದ ಹಾಗಾಗುತ್ತದೆ, ಆಮೇಲೆ ಲಿವರ್ ಬಿಡಿಸಲು ಬರುವುದಿಲ್ಲ.
ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ನಿಲ್ಲಿಸಿ. ಇಂಥ ಹಳೇ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟು ಒಂದೇ ವೇಗಕ್ಕೆ ಕಟ್ಟಿಹಾಕಿದ ಹಾಗೆ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಬಿಗಿಯೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಲಿವರ್ ಸಿಕ್ಕಿಕೊಂಡರೆ ಸ್ಟಿಯರಿಂಗ್ ನೇರ ಮಾಡಿ ಸ್ವಲ್ಪ ರಿವರ್ಸ್ ಹೋಗಿ, ಬಿಡುತ್ತದೆ. ಗುದ್ದಬೇಡಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. 12 ವರ್ಷದ ಪಿಕಪ್ಪು. ಹಿಂದಿನ ಟಬ್ ತಳ ಜರಡಿಯಾಗಿದೆ, ಚಾಸಿಯಲ್ಲೂ ತುಕ್ಕು. ಅಂಡರ್ ಕೋಟಿಂಗ್ ಹೊಡೆಸಲಾ? ಸುಟ್ಟ ಆಯಿಲ್ ಹೊಡೆಯಿರಿ ಅಂತಾನೂ ಹೇಳುತ್ತಾರೆ.
ಓದುಗರು, ಶಿರಸಿ

ಉತ್ತರ: ಕೊಳೆಗೆ ಔಷಧಿ ಹೊಡೆಯುವ ಡ್ರಮ್ಮು, ಮೈಲುತುತ್ತದ ಚೀಲ ಎಲ್ಲ ಇದೇ ಗಾಡಿಯಲ್ಲಿ ಹೋಗುವುದು ತಾನೇ? ನಿಮ್ಮ ಉತ್ತರ ಅಲ್ಲೇ ಇದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಹದ ನೋಡಲು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತೇವಲ್ಲ, ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ. ಆ ಕೆಂಪು ತಾಮ್ರ. ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಕತ್ತಿಗೆ ಆಗಿದ್ದೇ ನಿಮ್ಮ ಟಬ್ಬಿನ ತಳಕ್ಕೂ ಆಗುತ್ತಿದೆ, ಮೈಲುತುತ್ತದ ನೀರು ಚೆಲ್ಲಿದಾಗಲೆಲ್ಲ. ಜೊತೆಗೆ ಪೊಟ್ಯಾಶ್ ಗೊಬ್ಬರ ಬೇರೆ. ಅದೂ ಒಂದು ಥರದ ಉಪ್ಪೇ. ಚೀಲ ಒಡೆದು ಮೂಲೆಯಲ್ಲಿ ಉಳಿದ ಒಂದು ಹಿಡಿ, ಮಲೆನಾಡಿನ ಆರು ತಿಂಗಳ ತೇವ, ಇನ್ನೇನು ಬೇಕು ಹೇಳಿ.

ಈಗಿರುವ ತುಕ್ಕಿನ ಮೇಲೆ ಕಪ್ಪು ಅಂಡರ್ ಕೋಟಿಂಗ್ ಹೊಡೆಸಿದರೆ ಗಾಯ ತೊಳೆಯದೆ ಬ್ಯಾಂಡೇಜ್ ಸುತ್ತಿದ ಹಾಗೆ. ನೀರು ಒಳಗೇ ಸಿಕ್ಕಿಕೊಂಡು ತುಕ್ಕು ಕಾಣದ ಹಾಗೆ ತಿನ್ನುತ್ತದೆ. ಬೇಸಿಗೆಯಲ್ಲಿ ಮಾಡಿಸಿ, ಮಳೆಗಾಲದಲ್ಲಿ ಅಲ್ಲ. ತಂತಿ ಬ್ರಶ್ಶಿನಲ್ಲಿ ಉಜ್ಜಿ, ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ಪ್ರೈಮರ್ ಹೊಡೆದು, ಆಮೇಲೆ ಪೇಂಟು. ಚಾಸಿಯ ತಳದಲ್ಲಿ, ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಅವು ಮಣ್ಣು ತುಂಬಿ ಮುಚ್ಚಿರುತ್ತವೆ, ಒಂದು ತಂತಿ ಹಾಕಿ ಬಿಡಿಸಿ. ಟಬ್ಬಿನಲ್ಲಿ ಹಾಸಿದ ರಬ್ಬರ್ ಮ್ಯಾಟ್ ತಿಂಗಳಿಗೊಮ್ಮೆ ಎತ್ತಿ ನೋಡಿ. ಔಷಧಿ ಹೊಡೆದ ದಿನ ನಿಮಗೆ ಎಷ್ಟು ಸುಸ್ತಾಗಿದ್ದರೂ ಸರಿ, ಟಬ್ಬಿಗೆ ಹತ್ತು ಕೊಡ ನೀರು ಸುರಿದೇ ಊಟಕ್ಕೆ ಹೋಗಿ.

ಸುಟ್ಟ ಆಯಿಲ್ ಬಗ್ಗೆ: ತುಕ್ಕು ತಡೆಯುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ರಬ್ಬರ್ ಬುಶ್ಶನ್ನು ಉಬ್ಬಿಸಿ ಹಾಳು ಮಾಡುತ್ತದೆ, ಬ್ರೇಕ್ ಲೈನಿಂಗಿಗೆ ಬಿದ್ದರೆ ಬ್ರೇಕು ಹೋಯಿತು. ಮೊದಲ ಮಳೆಗೆ ಅರ್ಧ ನಿಮ್ಮ ಬಾವಿ ಕಡೆಗೇ ಹರಿಯುತ್ತದೆ. ಬೇಡ.

ಪ್ರಶ್ನೆ: ಫೋರ್ ಲೋ ಹಾಕಿ ಎಸ್ಟೇಟಿನ ಏರು ಹತ್ತುವಾಗ ಮಾತ್ರ ಗಾಡಿ ಹೀಟ್ ಆಗುತ್ತದೆ. ರಸ್ತೆಯಲ್ಲಿ ಸರಿಯಾಗಿದೆ.
ಓದುಗರು, ಸೋಮವಾರಪೇಟೆ

ಉತ್ತರ: ರಸ್ತೆಯಲ್ಲಿ ಓಡುವಾಗ ಗಾಳಿ ತಾನಾಗಿ ಬರುತ್ತದೆ. ಲೋ ಗೇರಿನಲ್ಲಿ ಗಾಡಿ ನಡೆಯುವ ವೇಗ, ಇಂಜಿನ್ ಓಡುವ ವೇಗ, ಎಲ್ಲ ಭಾರ ಫ್ಯಾನಿನ ಮೇಲೆ. ರೇಡಿಯೇಟರ್ ಕಿಂಡಿಗಳಲ್ಲಿ ಕೆಸರು, ಹುಲ್ಲಿನ ಬೀಜ ತುಂಬಿರುತ್ತದೆ. ಇಂಜಿನ್ ಕಡೆಯಿಂದ ಹೊರಗಿನ ಕಡೆಗೆ, ಸಾದಾ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ತೆಳ್ಳನೆಯ ಫಿನ್ನುಗಳು ಮಡಚಿಕೊಂಡು ಮೊದಲಿಗಿಂತ ಕಡೆಯಾಗುತ್ತದೆ. ಎಸಿ ಇದ್ದರೆ ಅದರ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡುವುದು ಮರೆಯಬೇಡಿ, ಕಸ ಎಲ್ಲ ಇರುವುದು ಅಲ್ಲೇ. ಆಮೇಲೂ ಹೀಟ್ ಆದರೆ ಫ್ಯಾನ್ ಕ್ಲಚ್, ಬೆಲ್ಟು, ರೇಡಿಯೇಟರ್ ಮುಚ್ಚಳ. ಮುಂದೆ ದೊಡ್ಡ ಲೈಟುಗಳ ಸಾಲು ಕಟ್ಟಿದ್ದರೆ ಅದನ್ನೂ ಬಿಚ್ಚಿ ನೋಡಿ.

ಪ್ರಶ್ನೆ: ನನ್ನದು ಟೂ ವೀಲ್ ಡ್ರೈವ್ ಪಿಕಪ್. ಲೋಡು ಇದ್ದಾಗ ಹತ್ತುವ ದಾರಿಯಲ್ಲೇ ಖಾಲಿ ಇದ್ದಾಗ ಹೂತುಕೊಳ್ಳುತ್ತದೆ. ಫೋರ್ ವೀಲ್ ಮಾಡಿಸಲು ಆಗುತ್ತದಾ?
ಓದುಗರು, ಸುಳ್ಯ

ಉತ್ತರ: ಮಾಡಿಸುವುದಕ್ಕಿಂತ ಫೋರ್ ವೀಲ್ ಗಾಡಿ ಹುಡುಕಿ ತಗೊಳ್ಳುವುದು ಸುಲಭ, ಆರ್‌ಟಿಒ ತಲೆನೋವೂ ಇಲ್ಲ. ನಿಮ್ಮ ತೊಂದರೆ ಸರಳ. ಖಾಲಿ ಪಿಕಪ್ಪಿನಲ್ಲಿ ಭಾರವೆಲ್ಲ ಮುಂದೆ, ತಿರುಗುವ ಚಕ್ರ ಹಿಂದೆ. ಮಳೆಗಾಲ ಪೂರ್ತಿ ನೂರು, ನೂರೈವತ್ತು ಕಿಲೋ ಮರಳು ಚೀಲಗಳನ್ನು ಹಿಂದಿನ ಆಕ್ಸಲ್ಲಿನ ನೇರಕ್ಕೆ ಇಟ್ಟು ಹಗ್ಗ ಕಟ್ಟಿ. ತುದಿಯಲ್ಲಿ ಇಡಬೇಡಿ, ಮುಂಭಾಗ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ. ಹೂತುಕೊಂಡರೆ ಆ ಮರಳೇ ಚಕ್ರದಡಿಗೆ ಬರುತ್ತದೆ.

ಹಿಂದಿನ ಟೈರಿಗೆ ಕಬ್ಬಿಣದ ಚೈನ್ ಸುತ್ತುವುದು ನಮ್ಮ ಕಡೆಯ ಹಳೇ ಉಪಾಯ, ಕೆಸರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಗಿಯಾಗಿ ಕಟ್ಟಿ, ಸಡಿಲ ಚೈನು ಬ್ರೇಕ್ ಪೈಪನ್ನು ಹರಿದುಹಾಕುತ್ತದೆ. ಡಾಂಬರಿಗೆ ಬರುವ ಮೊದಲು ಬಿಚ್ಚಿ.

ಒಂದು ಚಕ್ರ ಸುಮ್ನೆ ಸುತ್ತುತ್ತಿದೆ, ಇನ್ನೊಂದು ನಿಂತೇ ಇದೆ ಅಂತಾದರೆ ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಸುತ್ತುವ ಚಕ್ರಕ್ಕೆ ತಡೆಯಾಗಿ, ನಿಂತ ಚಕ್ರಕ್ಕೂ ಸ್ವಲ್ಪ ಬಲ ಹೋಗುತ್ತದೆ. ಹ್ಯಾಂಡ್ ಬ್ರೇಕು ಹಿಂದಿನ ಚಕ್ರದಲ್ಲಿದ್ದರೆ ಮಾತ್ರ ಈ ಉಪಾಯ. ಹಳೇ ಕಾಲದ ಕೆಲವು ಜೀಪುಗಳಲ್ಲಿ ಅದು ಶಾಫ್ಟಿಗೇ ಇರುತ್ತದೆ, ಅಲ್ಲಿ ನಡೆಯುವುದಿಲ್ಲ. ಚಕ್ರದಡಿಗೆ ಅಡಿಕೆ ದಬ್ಬೆ ಕೊಡುವುದಾದರೆ ಒಣಗಿದ್ದು ಕೊಡಿ, ಹಸಿಯದು ಸಾಬೂನಿನ ಹಾಗೆ ಜಾರುತ್ತದೆ. ಮುರಕಲ್ಲಿನ ಚೂರು ಇದ್ದರೆ ಇನ್ನೂ ವಾಸಿ.

ಪ್ರಶ್ನೆ: ನಾನು ಭಟ್ಕಳದವನು, ಕೆಲಸ ಮಸ್ಕತ್‌ನಲ್ಲಿ. ಗೆಳೆಯರ ಜೊತೆ ಹಳೇ ಹೈಲಕ್ಸ್‌ನಲ್ಲಿ ಶರ್ಕಿಯಾ ಮರಳಿಗೆ ಹೋಗುವ ಯೋಚನೆ. ಊರಿನ ಕೆಸರು ಗೊತ್ತು, ಮರಳು ಗೊತ್ತಿಲ್ಲ. ಏನು ಬದಲಿಸಲಿ?
ಓದುಗರು, ಮಸ್ಕತ್

ಉತ್ತರ: ಗಾಡಿಯಲ್ಲಿ ಏನೂ ಬೇಡ, ಟೈರಿನ ಗಾಳಿ ಬದಲಿಸಿ. ಖಾಲಿ ಗಾಡಿಗೆ 15 ಪಿಎಸ್‌ಐ ಹತ್ತಿರ ಇಳಿಸಿದರೆ ಟೈರಿನ ಪಾದ ಉದ್ದವಾಗಿ ಮರಳಿನ ಮೇಲೆ ತೇಲುತ್ತದೆ. ಅಷ್ಟು ಕಮ್ಮಿ ಗಾಳಿಯಲ್ಲಿ ಜೋರಾಗಿ ಸ್ಟಿಯರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚುತ್ತದೆ. ನಿಲ್ಲಿಸುವಾಗ ಬ್ರೇಕ್ ತುಳಿಯದೆ ತಾನಾಗಿ ನಿಲ್ಲಲು ಬಿಡಿ, ಇಳಿಜಾರಿನ ಕಡೆಗೆ ಮೂತಿ ಇರಲಿ. ಗಾಳಿ ತುಂಬುವ ಪಂಪು, ಸಲಿಕೆ, ನೀರು, ಇನ್ನೊಂದು ಗಾಡಿ ಇಲ್ಲದೆ ಹೋಗಲೇಬೇಡಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿ. ಊರಿನ ಕೆಸರಿಗೆ ಈ 15 ತರಬೇಡಿ, ಕೆಸರಿನ ಕೆಳಗೆ ಚೂಪು ಕಲ್ಲಿರುತ್ತದೆ. ಇಲ್ಲಿಗೆ 20 ಸಾಕು.

ಪ್ರಶ್ನೆ: 2017ರ ಡಬಲ್ ಕ್ಯಾಬ್ ಪಿಕಪ್ ಇದೆ. ಬುಲ್ ಬಾರ್, ರೂಫ್ ಲೈಟ್, ದೊಡ್ಡ ಟೈರ್ ಹಾಕಿಸಿ ಚಿಕ್ಕಮಗಳೂರು ಕಡೆಯ ಹುಲ್ಲಿನ ಗುಡ್ಡಗಳಲ್ಲಿ ಆಫ್ ರೋಡ್ ಮಾಡಬೇಕು ಅಂತ ಆಸೆ. ಪೊಲೀಸರು ಹಿಡಿಯುತ್ತಾರಾ?
ಓದುಗರು, ಬೆಂಗಳೂರು

ಉತ್ತರ: ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಬುಲ್ ಬಾರ್, ಅಂದರೆ ಮುಂದೆ ಕಟ್ಟುವ ಕಬ್ಬಿಣದ ಬಂಪರ್ ಗಾರ್ಡಿನ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದುಹೋಗುವವರಿಗೆ ಅದು ತಾಗಿದರೆ ಏನಾಗುತ್ತದೆ ಯೋಚಿಸಿ. ನಿಮಗೂ ನಷ್ಟವೇ, ಗುದ್ದಿದ ಪೆಟ್ಟು ಬಂಪರಿನಲ್ಲಿ ನಜ್ಜಾಗದೆ ನೇರ ಚಾಸಿಗೆ ಹೋಗುತ್ತದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದೂ ಇದನ್ನೇ.

ಇನ್ನು ಹುಲ್ಲಿನ ಗುಡ್ಡ. ಪೊಲೀಸರ ವಿಷಯಕ್ಕಿಂತ ಇದು ನನಗೆ ದೊಡ್ಡದು. ನೀವು ಖಾಲಿ ಜಾಗ ಅಂದುಕೊಂಡಿರುವುದರಲ್ಲಿ ಬಹಳಷ್ಟು ಅರಣ್ಯ ಇಲಾಖೆಯದು, ಒಳಗೆ ಗಾಡಿ ನುಗ್ಗಿಸಿದರೆ ಕೇಸು. ಆ ಹುಲ್ಲಿನ ಬೇರು ಹಿಡಿದಿರುವ ಮಣ್ಣು ತೆಳ್ಳಗೆ. ಒಂದು ಮಳೆಗಾಲದಲ್ಲಿ ನಾಲ್ಕು ಗಾಡಿಗಳು ಎರಡು ಗೆರೆ ಎಳೆದು ಹೋದರೆ, ಮುಂದಿನ ಮಳೆಗಾಲಕ್ಕೆ ಆ ಗೆರೆಯಲ್ಲೇ ನೀರು ಹರಿದು ಕೊರಕಲು ಬೀಳುತ್ತದೆ. ಕೆಳಗಿನ ತೋಟದವರ ಕೆರೆಗೆ ಹೂಳು ಬರುತ್ತದೆ. ಆ ಕೆಳಗಿನ ತೋಟದವರಲ್ಲಿ ನಾನೂ ಒಬ್ಬ, ಅದಕ್ಕೇ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ.

ಆಸೆ ತಪ್ಪಲ್ಲ. ಪರಿಚಯದವರ ಎಸ್ಟೇಟಿನ ಒಳದಾರಿ ಕೇಳಿ, ಅನುಮತಿ ಪಡೆದು ನಡೆಸುವ ಕ್ಲಬ್ಬಿನವರ ಜೊತೆ ಹೋಗಿ. ಅದಕ್ಕೂ ಮೊದಲು ಒಂದು ಸಲ ಕೊಲ್ಲೂರಿನಿಂದಲೋ ನಿಟ್ಟೂರಿನಿಂದಲೋ ಬಾಡಿಗೆ ಜೀಪಿನಲ್ಲಿ ಕೊಡಚಾದ್ರಿಗೆ ಹೋಗಿಬನ್ನಿ. ಮುಂದಿನ ಸೀಟಿನಲ್ಲಿ ಕೂತು ಡ್ರೈವರಿನ ಕಾಲು ನೋಡಿ. ಎಲ್ಲಿ ಕ್ಲಚ್ ತುಳಿಯುವುದಿಲ್ಲ, ಯಾವ ಕಲ್ಲಿನ ಮೇಲೆ ಚಕ್ರ ಇಡುತ್ತಾರೆ, ಎಷ್ಟು ನಿಧಾನ ಹೋಗುತ್ತಾರೆ ನೋಡಿ. 31 ಇಂಚಿನ ಟೈರಿನ ದುಡ್ಡು ಉಳಿಯಬಹುದು.

ಪ್ರಶ್ನೆ: ಹೂತ ಪಿಕಪ್ಪನ್ನು ಟ್ರ್ಯಾಕ್ಟರಿನಲ್ಲಿ ಎಳೆಯುವಾಗ ಚೈನ್ ತುಂಡಾಗಿ ಹಿಂದಿನ ಗಾಜು ಒಡೆಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಯಾವ ಹಗ್ಗ ಇಟ್ಟುಕೊಳ್ಳಬೇಕು?
ಓದುಗರು, ಮಡಿಕೇರಿ

ಉತ್ತರ: ಪುಣ್ಯವೇ. ಚೈನಿನಲ್ಲಿ ಜಗ್ಗಿ ಎಳೆಯಬಾರದು, ಅದಕ್ಕೆ ಹಿಗ್ಗುವ ಗುಣ ಇಲ್ಲ. ಹಿಗ್ಗುವ ನೈಲಾನ್ ರಿಕವರಿ ಬೆಲ್ಟ್, ಬೆಲ್ಟ್ ಸಿಕ್ಕಿಸುವ ಮುಕ್ಕಾಲು ಇಂಚಿನ ಎರಡು ಶಾಕಲ್ (ಸ್ಪ್ರಿಂಗಿನದ್ದಲ್ಲ, ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ), ಅದರ ಮೇಲೆ 4.75 ಟನ್ ಅಂತ ಅಚ್ಚು ಹೊಡೆದಿರಬೇಕು. ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೇ ಕಟ್ಟಿ. ಬಂಪರಿಗೆ, ಟ್ರೇಲರ್ ಎಳೆಯುವ ಗುಂಡಿಗೆ ಯಾವತ್ತೂ ಬೇಡ, ಆ ಗುಂಡು ಮುರಿದರೆ ಫಿರಂಗಿ ಗುಂಡೇ. ಬೆಲ್ಟಿನ ನಡುವೆ ಒದ್ದೆ ಗೋಣಿಚೀಲ ಹಾಕಿ, ತುಂಡಾದರೆ ಚಿಮ್ಮುವ ಜೋರು ಸ್ವಲ್ಪ ಕಮ್ಮಿಯಾಗುತ್ತದೆ. ಎಳೆಯುವ ಮೊದಲು ಚಕ್ರದ ಮುಂದಿನ ಕೆಸರು ಸಲಿಕೆಯಿಂದ ತೆಗೆಯಿರಿ. ನೋಡಲು ಬಂದ ಊರವರನ್ನು ದೂರ ಕಳಿಸಿ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಪ್ರಶ್ನೆ: ನನ್ನ ಪಿಕಪ್ಪಿಗೆ ಮುಂದಿನ ವರ್ಷ 15 ತುಂಬುತ್ತದೆ. ರಿಪೇರಿ ಮಾಡಿಸಿ ಇಟ್ಟುಕೊಳ್ಳಲಾ, ಮಾರಲಾ?
ಓದುಗರು, ಕೊಪ್ಪ

ಉತ್ತರ: ದೆಹಲಿ ಸುದ್ದಿ ನೋಡಿ ಗಾಬರಿಯಾಗಬೇಡಿ, ಅಲ್ಲಿನ ಹಳೇ ಡೀಸೆಲ್ ಗಾಡಿ ನಿಯಮ ರಾಜಧಾನಿ ಪ್ರದೇಶಕ್ಕೆ ಸಂಬಂಧಪಟ್ಟಿದ್ದು. ಖಾಸಗಿ ನೋಂದಣಿಯಾದರೆ 15 ವರ್ಷದ ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಹಳದಿ ಬೋರ್ಡಾದರೆ ಎಂಟು ವರ್ಷ ದಾಟಿದ ಮೇಲೆ ಹೇಗೂ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದ್ದೇ ಇದೆ, ನಿಮಗೆ ಅಭ್ಯಾಸವಾಗಿರುತ್ತದೆ.

ಇಂಜಿನ್ ಹೊಗೆ, ಗೇರ್ ಸದ್ದು, ಕ್ಲಚ್, ಇವಕ್ಕೆಲ್ಲ ದುಡ್ಡು ಹಾಕಿದರೆ ಸರಿಯಾಗುತ್ತದೆ. ಚಾಸಿ ಹಾಗಲ್ಲ. ಒಂದು ಸಣ್ಣ ಸುತ್ತಿಗೆ ತಗೊಂಡು ಗಾಡಿಯಡಿಗೆ ಹೋಗಿ, ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ತೂಗುವ ಜಾಗದ ಸುತ್ತ ಬಡಿಯುತ್ತಾ ಹೋಗಿ. ಠಣ್ ಅಂದರೆ ಇಟ್ಟುಕೊಳ್ಳಿ. ಡಬ್ ಅಂದರೆ, ಸುತ್ತಿಗೆ ಒಳಗೇ ಹೋದರಂತೂ, ಮಾರಿ. ಮಾರುವಾಗ ತಗೊಳ್ಳುವವರಿಗೂ ಸುತ್ತಿಗೆ ಕೊಟ್ಟು ಆ ಜಾಗ ತೋರಿಸಿಯೇ ಮಾರಿ.